ಡಿರಾಕ್ ಮಾತೃಕೆಗಳು: ಬಿಟ್ಟಿ ಆಯಾಮಕ್ಕೆ ತೆತ್ತ ಬೆಲೆ

1928ರಲ್ಲಿ ಪಾಲ್ ಡಿರಾಕ್ ಬಿಡಿಸಲು ಹೊರಟದ್ದು ಒಂದು ವರ್ಗಮೂಲದ ತೊಡಕನ್ನು. ಸಾಪೇಕ್ಷತಾ ಸಿದ್ಧಾಂತದಲ್ಲಿ ಶಕ್ತಿ, ಸಂವೇಗ, ದ್ರವ್ಯರಾಶಿಗಳ ನಂಟು ವರ್ಗಗಳ ಮೂಲಕ. ಎಲೆಕ್ಟ್ರಾನಿಗೆ ಅವರು ಬಯಸಿದ್ದು ವರ್ಗಗಳಿಲ್ಲದ ಸಮೀಕರಣ. ಅದಕ್ಕೆ ನಾಲ್ಕು ಗುಣಾಂಕಗಳು ಬೇಕು: ಪ್ರತಿಯೊಂದರ ವರ್ಗ 1 ಆಗಬೇಕು, ಯಾವ ಎರಡನ್ನು ಹಿಂದುಮುಂದು ಮಾಡಿ ಗುಣಿಸಿದರೂ ಚಿಹ್ನೆ ತಿರುಗಬೇಕು. ಸಾಮಾನ್ಯ ಸಂಖ್ಯೆಗಳಿಂದ ಇದು ಆಗದು, ಮಾತೃಕೆಗಳಿಂದ, ಅಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕಗಳಿಂದ, ಆಗುತ್ತದೆ. ಪೌಲಿಯವರ 2×2 ಮಾತೃಕೆಗಳು ಮೂರಕ್ಕೇ ಮುಗಿಯುತ್ತವೆ. ನಾಲ್ಕನೆಯದು ಬೇಕೆಂದರೆ 4×4ಕ್ಕೆ ಏರಲೇಬೇಕು. ಈ ಬೀಜಗಣಿತವನ್ನು ವಿಲಿಯಂ ಕ್ಲಿಫರ್ಡ್ 1878ರಲ್ಲೇ ಬರೆದಿಟ್ಟು, ಮರುವರ್ಷ 33ರ ಹರೆಯದಲ್ಲಿ ತೀರಿಕೊಂಡಿದ್ದರು.

ನಮ್ಮ ದೇಶಕಾಲದ ಆಯಾಮಗಳೂ ನಾಲ್ಕು, ಆಯಾಮಕ್ಕೊಂದು ಮಾತೃಕೆ. ಆಯಾಮಗಳು ಹೆಚ್ಚಿದರೆ? ಗುರುತ್ವವನ್ನೂ ವಿದ್ಯುತ್ಕಾಂತತೆಯನ್ನೂ ಒಂದಾಗಿಸಲು ಕಲುಜಾ 1921ರಲ್ಲೇ ಐದು ಆಯಾಮಗಳ ದೇಶಕಾಲವನ್ನು ಮುಂದಿಟ್ಟಿದ್ದರು. ಎಷ್ಟೇ ಆಯಾಮಗಳಿಗೂ ಸಲ್ಲುವ ಮಾತೃಕೆಗಳ ಲೆಕ್ಕವನ್ನು 1935ರಲ್ಲಿ ಬ್ರೌವರ್ ಮತ್ತು ವೈಲ್ ಕೊಟ್ಟರು. ಎರಡು ಆಯಾಮ ಸೇರಿದಾಗಲೆಲ್ಲ ಗಾತ್ರ ಇಮ್ಮಡಿಯಾಗುತ್ತದೆ: ಆರಕ್ಕೆ 8×8, ಹತ್ತಕ್ಕೆ 32×32.

ಸ್ವಾರಸ್ಯವಿರುವುದು ಬೆಸ ಆಯಾಮಗಳಲ್ಲಿ. ಡಿರಾಕರ ನಾಲ್ಕೂ ಮಾತೃಕೆಗಳನ್ನು ಒಟ್ಟಿಗೆ ಗುಣಿಸಿದರೆ ಬರುವ ಗುಣಲಬ್ಧವೂ ಆ ನಾಲ್ಕರೊಡನೆ ಅದೇ ನಿಯಮವನ್ನು ಪಾಲಿಸುತ್ತದೆ. ಅಂದರೆ ಐದನೆಯ ಆಯಾಮಕ್ಕೆ ಬೇಕಾದ ಮಾತೃಕೆ ಮೊದಲೇ ಸಿದ್ಧವಾಗಿದೆ, ಗಾತ್ರ ಬೆಳೆಯಬೇಕಿಲ್ಲ. ಹತ್ತರಿಂದ ಹನ್ನೊಂದಕ್ಕೆ ಹೋದಾಗಲೂ ಹೀಗೆಯೇ. ಆಯಾಮವೇನೋ ಬಿಟ್ಟಿ ಸಿಕ್ಕಿತು, ಆದರೆ ಕನ್ನಡಿಯಲ್ಲಿ ಅದಲುಬದಲಾಗುವ ಎರಡು ಬಗೆಗಳಲ್ಲಿ ಕಣ ಎಡಗೈಯದೋ ಬಲಗೈಯದೋ ಎಂದು ಹೇಳುತ್ತಿದ್ದುದು ಅದೇ ಗುಣಲಬ್ಧ. ಅದನ್ನು ಆಯಾಮಕ್ಕೆ ಒಪ್ಪಿಸಿದ ಮೇಲೆ ಕೈಗುರುತು ಹೇಳಲು ಯಾವ ಮಾತೃಕೆಯೂ ಉಳಿಯುವುದಿಲ್ಲ.

ಇದು ಬರಿಯ ಗಣಿತದ ಕೊರಗಲ್ಲ. ಬೀಟಾ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲ ಎಡಗೈ ಕಣಗಳಿಗೆ ಪಕ್ಷಪಾತ ಮಾಡುತ್ತದೆಂಬುದನ್ನು ಚಿಯೆನ್-ಶಿಯುಂಗ್ ವೂ ಅವರ ಕೋಬಾಲ್ಟ್ ಪ್ರಯೋಗ 1957ರಲ್ಲೇ ಬಯಲಾಗಿಸಿತ್ತು. ಮುಂದೆ 1978ರಲ್ಲಿ ಕ್ರೆಮರ್, ಜೂಲಿಯಾ, ಶೆರ್ಕ್ ಗುರುತ್ವವನ್ನು ಇತರ ಕಣಗಳೊಡನೆ ಬೆಸೆಯುವ ಹನ್ನೊಂದು ಆಯಾಮಗಳ ಸೂಪರ್‌ಗ್ರಾವಿಟಿ ಸಿದ್ಧಾಂತವನ್ನು ಕಟ್ಟಿದರು. ಅದಕ್ಕಿಂತ ಮೇಲೆ ಹೋಗುವಂತಿರಲಿಲ್ಲ: ಹನ್ನೆರಡಕ್ಕೆ 64×64 ಬೇಕು, ಆಗ ಗುರುತ್ವವನ್ನು ಹೊರುವ ಗ್ರಾವಿಟಾನ್ ಕಣವನ್ನೂ ಮೀರಿದ ಸ್ಪಿನ್ (ಕಣದ ಸಹಜ ತಿರುಗಣೆಯ ಅಳತೆ) ಉಳ್ಳ ಕಣಗಳು ನುಸುಳುತ್ತವೆ. ಪರಿಚಿತ ಬಲಗಳ ಸಮ್ಮಿತಿಗಳನ್ನು ಕಾಣದಷ್ಟು ಚಿಕ್ಕದಾಗಿ ಸುರುಟಿದ ಆಯಾಮಗಳಲ್ಲಿ ಅಡಗಿಸಲು ಕನಿಷ್ಠ ಹನ್ನೊಂದು ಬೇಕೆಂದು 1981ರಲ್ಲಿ ವಿಟ್ಟನ್ ತೋರಿಸಿದರು. ಗರಿಷ್ಠವೂ ಕನಿಷ್ಠವೂ ಒಂದೇ ಸಂಖ್ಯೆ! ಇಷ್ಟು ಚಂದದ ಹೊಂದಾಣಿಕೆ ಕೈಗುರುತಿನ ಮುಂದೆ ಮುಗ್ಗರಿಸಿತು. 1984ರ ಬಳಿಕ ಒಲವು ಕಣಗಳನ್ನು ಕಂಪಿಸುವ ಎಳೆಗಳೆಂದು ಕಾಣುವ, ಹತ್ತು ಆಯಾಮಗಳ ಸೂಪರ್‌ಸ್ಟ್ರಿಂಗ್‌ಗಳತ್ತ ಹರಿಯಿತು. ಹತ್ತು ಸಮ ಸಂಖ್ಯೆಯಲ್ಲವೇ.

ಹನ್ನೊಂದಕ್ಕೆ ಮರುಜೀವ ಬಂದದ್ದು 1995ರಲ್ಲಿ, ಹೋರ್ಜಾವಾ ಮತ್ತು ವಿಟ್ಟನ್ ಹನ್ನೊಂದನೆಯ ಆಯಾಮಕ್ಕೆ ಎರಡು ತುದಿಗಳನ್ನು ಕೊಟ್ಟಾಗ. ಆ ತುದಿಗಳಲ್ಲಿ ನಿಲ್ಲುವ ಗೋಡೆಗಳಿಗೆ ಇರುವುದು ಹತ್ತೇ ಆಯಾಮ. ಎಡಗೈ ಬಲಗೈಗಳ ಭೇದ ಅಲ್ಲಿ ಮರಳಿ ಸಿಗುತ್ತದೆ.