ಬೂಷ್ಟು ನಮ್ಮ ದಾಯಾದಿ

ಮಳೆಗಾಲದಲ್ಲಿ ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ಕಡೆ ಒಗೆದ ಬಟ್ಟೆ ಬೇಗ ಒಣಗುವುದಿಲ್ಲ. ತೊಡೆಸಂದಿಯಲ್ಲಿ, ಸೊಂಟದ ಸುತ್ತ ಗಜಕರ್ಣ ಏಳುವುದು ಆಗಲೇ. ಹೋದ ಸಲ ಗಂಟಲುನೋವಿಗೆ ತಂದು ಉಳಿಸಿದ್ದ ಆಂಟಿಬಯೋಟಿಕ್ ಗುಳಿಗೆ ಕಪಾಟಿನಿಂದ ಹೊರಬರುತ್ತದೆ: "ಎಲ್ಲಾ ಕ್ರಿಮೀನೇ ಅಲ್ಲೇನ್ರಿ ಕಾಕಾ, ಇದನ್ನ ನುಂಗ್ರಿ."

ಆ ಗುಳಿಗೆ ಕೊಲ್ಲುವುದು ಬ್ಯಾಕ್ಟೀರಿಯವನ್ನು. ಗಜಕರ್ಣ ತರುವುದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಅದಕ್ಕೂ ಬ್ಯಾಕ್ಟೀರಿಯಕ್ಕೂ ಇರುವ ದೂರ, ಅದಕ್ಕೂ ಕಾಕಾನಿಗೂ ಇರುವ ದೂರಕ್ಕಿಂತ ಹೆಚ್ಚು! ಬ್ಯಾಕ್ಟೀರಿಯ ಪ್ರೊಕ್ಯಾರಿಯೋಟ್, ಅದರ ಡಿಎನ್‌ಎಗೆ ಪೊರೆಯ ಮರೆಯಿಲ್ಲ, ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯ ಇಲ್ಲ. ಇದನ್ನೆಲ್ಲ ಶಾಲೆಯಲ್ಲೇ ಓದಿದ್ದೇವೆ. ಶಿಲೀಂಧ್ರವೂ ನಾವೂ ಕೋಶಕೇಂದ್ರವುಳ್ಳ ಯೂಕ್ಯಾರಿಯೋಟ್‌ಗಳು. ಗಿಡಮರಗಳ ಕವಲು ಮೊದಲೇ ಬೇರೆಯಾಯಿತು. ಪ್ರಾಣಿಗಳೂ ಶಿಲೀಂಧ್ರಗಳೂ ಬೇರೆಯಾದದ್ದು ಆಮೇಲೆ, ಸುಮಾರು 100 ಕೋಟಿ ವರ್ಷಗಳ ಹಿಂದೆ.

ಈ ಭೇದವನ್ನೇ ನಂಬಿ ನಡೆದ ಕಾರ್ಖಾನೆ ನಮ್ಮೂರಲ್ಲೇ ಇದೆ. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪಿಂಪ್ರಿಯಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಪೆನಿಸಿಲಿನ್ ತಯಾರಿಸಿತು. ಪೆನಿಸಿಲಿನ್ ಕೊಲ್ಲುವ ಬಗೆ ನನಗೆ ಬಲು ಇಷ್ಟ. ಬ್ಯಾಕ್ಟೀರಿಯದ ಒಳಗೆ ನೀರಿನ ಒತ್ತಡ ಜೋರು. ಒಡೆಯದಂತೆ ಅದನ್ನು ಹಿಡಿದಿಡುವುದು ಪೆಪ್ಟಿಡೊಗ್ಲೈಕಾನ್ ಎಂಬ ಗೋಡೆ: ಉಬ್ಬಿದ ಬಲೂನಿನ ಸುತ್ತ ಬಿಗಿದ ಬಲೆಯ ಹಾಗೆ. ಕೋಶ ಬೆಳೆಯಬೇಕಾದರೆ ಬಲೆಯನ್ನು ಅಲ್ಲಲ್ಲಿ ಕತ್ತರಿಸಿ, ಹೊಸ ಎಳೆ ಸೇರಿಸಿ, ಗಂಟು ಹಾಕಬೇಕು. ಪೆನಿಸಿಲಿನ್ ಗಂಟು ಹಾಕುವ ಕಿಣ್ವದ ಕೈ ಕಟ್ಟಿಹಾಕುತ್ತದೆ. ಕತ್ತರಿಸುವ ಕಿಣ್ವಗಳು ಮಾತ್ರ ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಬಲೆ ಸಡಿಲವಾಗಿ, ನೀರು ನುಗ್ಗಿ, ಕೋಶ ಸಿಡಿಯುತ್ತದೆ. ಸುಮ್ಮನೆ ಬಿದ್ದಿರುವ ಬ್ಯಾಕ್ಟೀರಿಯಕ್ಕಿಂತ ಬೆಳೆಯುತ್ತಿರುವುದೇ ಇದಕ್ಕೆ ಸುಲಭವಾಗಿ ಬಲಿಯಾಗುವುದು ಅದಕ್ಕೇ.

ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲ. ಶಿಲೀಂಧ್ರಕ್ಕೆ ಇದೆ, ಆದರೆ ಅದು ಗ್ಲೂಕಾನ್ ಮತ್ತು ಕೈಟಿನ್‌ನದು. ಸಿಗಡಿಯ ಚಿಪ್ಪಿನಲ್ಲಿರುವುದೂ ಕೈಟಿನ್ನೇ. ಪೆನಿಸಿಲಿನ್ನನ್ನು ಹೆರುವುದೇ ಪೆನಿಸಿಲಿಯಂ ಎಂಬ ಬೂಷ್ಟು. ತಾನೇ ಸುರಿಸಿದ ಮದ್ದಿನಲ್ಲಿ ಅದು ಆರಾಮಾಗಿ ಬೆಳೆಯುತ್ತದೆ. ಅಂಥ ಮದ್ದನ್ನು ನುಂಗಿಸಿ ಗಜಕರ್ಣ ಓಡಿಸಲು ಹೊರಟಿದ್ದೇವೆ!

ಪಿಂಪ್ರಿಯಲ್ಲಿ ಇದರ ತಿರುವುಮುರುವೂ ನಡೆಯಿತು. ಅದೇ ಕಾರ್ಖಾನೆಯಲ್ಲಿ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಮತ್ತವರ ಸಂಗಡಿಗರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಬ್ಯಾಕ್ಟೀರಿಯದಿಂದ (ಹೌದು, ಊರ ಹೆಸರೇ) ಶಿಲೀಂಧ್ರನಾಶಕ ಹಮೈಸಿನ್ ತೆಗೆದರು. ಅದು ಹಿಡಿಯುವುದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು. ನಮ್ಮ ಪೊರೆಯಲ್ಲಿ ಆ ಜಾಗದಲ್ಲಿರುವುದು ಕೊಲೆಸ್ಟೆರಾಲ್. ಎರಡರ ರಚನೆಯಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೇ, ಹಾಗಾಗಿ ಮದ್ದಿನ ಪೆಟ್ಟು ನಮ್ಮ ಕೋಶಗಳಿಗೂ ತಗಲಬಹುದು. ಈ ಬಗೆಯ ಮದ್ದನ್ನು ರಕ್ತಕ್ಕೆ ಕೊಡುವಾಗ ವೈದ್ಯರು ಮೂತ್ರಪಿಂಡದ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧಗಳಿಗೆ ಹೋಲಿಸಿದರೆ ಶಿಲೀಂಧ್ರದ ಔಷಧಗಳ ಬಗೆಗಳು ತೀರ ಕಡಿಮೆ ಇರುವುದಕ್ಕೂ ಈ ದಾಯಾದಿತನವೇ ದೊಡ್ಡ ಕಾರಣ.

ಇನ್ನು ಕಾಕಾ ನುಂಗಿದ ಗುಳಿಗೆ. ಅದು ಗಜಕರ್ಣದ ಗೊಡವೆಗೆ ಹೋಗದೆ, ಕರುಳಿನಲ್ಲೂ ಚರ್ಮದ ಮೇಲೂ ಇರುವ ನಿರುಪದ್ರವಿ ಬ್ಯಾಕ್ಟೀರಿಯಗಳನ್ನು ಸವರಿಹಾಕುತ್ತದೆ. ಅವು ಜಾಗ ಹಿಡಿದಿದ್ದರಿಂದಲೇ ಅಡಗಿದ್ದ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ ಆಗ ತಲೆಯೆತ್ತಬಹುದು. ಬಾಯಲ್ಲಿ ಬಿಳಿ ಪದರ ಕಾಣಿಸಿಕೊಳ್ಳಬಹುದು. ಗಜಕರ್ಣವಂತೂ ಇದ್ದಲ್ಲೇ ಇರುತ್ತದೆ.