ಆರ್ಮಿ ಲಿಸ್ಟ್: ಮೇಜಿನ ಮೇಲಿನ ಸುಮೇರಿಯನ್ ಸೇನೆಗೆ ಲೆಕ್ಕ ಎಲ್ಲಿಂದ ಬರುತ್ತದೆ?

ಲೋಹ, ಪ್ಲಾಸ್ಟಿಕ್ ಅಥವಾ ರೆಸಿನ್‌ನಲ್ಲಿ ಎರಕ ಹೊಯ್ದ ಪುಟ್ಟ ಸೈನಿಕರಿಗೆ ಬಣ್ಣ ಬಳಿದು, ಅವರನ್ನು ಗುಡ್ಡ, ಕಾಲುವೆ, ಹೊಲಗಳನ್ನು ರಚಿಸಿದ ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿಯಿಂದ ನಡೆಯನ್ನೂ ದಾಳದಿಂದ ಕಾಳಗದ ಫಲವನ್ನೂ ನಿರ್ಧರಿಸುವ ಆಟಕ್ಕೆ ಮಿನಿಯೇಚರ್ ವಾರ್‌ಗೇಮಿಂಗ್ ಎನ್ನುತ್ತಾರೆ. ಈ ಆಟದವರ ಮಾತಿನಲ್ಲಿ ದಾಳಕ್ಕಿಂತಲೂ ಹೆಚ್ಚಾಗಿ ಕೇಳಿಬರುವ ಪದ ‘ಆರ್ಮಿ ಲಿಸ್ಟ್’. ಒಂದು ಜನಾಂಗ ಅಥವಾ ರಾಜ್ಯ, ಒಂದು ಗೊತ್ತಾದ ಕಾಲಾವಧಿಯಲ್ಲಿ, ಯಾವ ಬಗೆಯ ಪಡೆಗಳನ್ನು ರಣರಂಗಕ್ಕೆ ತರಬಹುದಿತ್ತು, ಪ್ರತಿಯೊಂದು ಬಗೆಯಲ್ಲಿ ಕನಿಷ್ಠ ಎಷ್ಟು ಇರಲೇಬೇಕು, ಗರಿಷ್ಠ ಎಷ್ಟನ್ನು ಮೀರುವಂತಿಲ್ಲ, ಅವರ ಆಯುಧವೇನು, ಶಿಸ್ತು ಎಂಥದು, ಶತ್ರುಗಳು ಯಾರು ಎಂಬುದನ್ನು ಹೇಳುವ ಪಟ್ಟಿಯೇ ಆರ್ಮಿ ಲಿಸ್ಟ್. ಆ ಪಟ್ಟಿಯ ಮಿತಿಯೊಳಗೆ ಆಟಗಾರನೊಬ್ಬ ಆ ದಿನದ ಆಟಕ್ಕೆಂದು ಆರಿಸಿಕೊಂಡು ಬರೆದು ತರುವ ಚೀಟಿಯನ್ನೂ ಇದೇ ಹೆಸರಿನಿಂದ ಕರೆಯುವ ರೂಢಿ ಇರುವುದರಿಂದ ಹೊಸಬರಿಗೆ ಸ್ವಲ್ಪ ಗೊಂದಲವಾಗುತ್ತದೆ. ಇಲ್ಲಿ ವಿವರಿಸುತ್ತಿರುವುದು ಮೊದಲನೆಯ ಅರ್ಥವನ್ನು.

ಚದುರಂಗಕ್ಕೆ ಇಂಥ ಪಟ್ಟಿ ಬೇಕಾಗುವುದಿಲ್ಲ. ಅಲ್ಲಿ ಎರಡೂ ಕಡೆ ಅಷ್ಟೇ ಕಾಲಾಳುಗಳು, ಅಷ್ಟೇ ಆನೆ, ಅಷ್ಟೇ ಕುದುರೆ. ಮೇಜಿನ ಕಾಳಗದಲ್ಲಾದರೋ ಒಂದು ಕಡೆ ಈಜಿಪ್ಟಿನ ಬಿಲ್ಲುಗಾರರೂ ಇನ್ನೊಂದು ಕಡೆ ಬೆಟ್ಟದ ಬುಡಕಟ್ಟಿನ ಭರ್ಜಿಯವರೂ ನಿಂತಿರಬಹುದು. ಆದ್ದರಿಂದ ಯಾರು ಏನನ್ನು ತರಬಹುದು ಎಂಬುದನ್ನು ಆಟಕ್ಕೆ ಮೊದಲೇ ಗೊತ್ತುಮಾಡಬೇಕಾಗುತ್ತದೆ. ಚದುರಂಗದ ಮಣೆಯನ್ನೇ ಹಿಗ್ಗಿಸಿ ಯುದ್ಧದ ಆಟವನ್ನಾಗಿಸುವ ಪ್ರಯತ್ನವನ್ನು 1780ರಲ್ಲಿ ಜರ್ಮನಿಯ ಹೆಲ್‌ವಿಗ್ ಮಾಡಿದ್ದ. ಪ್ರಶ್ಯದ ಸೇನಾಧಿಕಾರಿಗಳು 19ನೆಯ ಶತಮಾನದಲ್ಲಿ ಅದನ್ನು ತರಬೇತಿಯ ಸಾಧನವಾಗಿ ಬೆಳೆಸಿದರು. ಪ್ರಾಚೀನ ಕಾಲದ ಸೇನೆಗಳ ಆಟಕ್ಕೆ ಇಂದಿನ ಚೌಕಟ್ಟನ್ನು ಕೊಟ್ಟವರಲ್ಲಿ ಪ್ರಮುಖರೆಂದರೆ ಬ್ರಿಟನ್ನಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್‌ನವರು. 1969ರಲ್ಲಿ ಅವರ ಮೊದಲ ನಿಯಮಾವಳಿ ಹೊರಬಂತು. ಅದೇ ಬಳಗದಿಂದ 1990ರಲ್ಲಿ ಬಂದ, ಡಿಬಿಎ ಎಂದು ಎಲ್ಲರೂ ಕರೆಯುವ ನಿಯಮಾವಳಿಯಲ್ಲಿ ಪ್ರತಿ ಸೇನೆಗೂ ಹನ್ನೆರಡೇ ಬೇಸ್‌ಗಳು. ಬೇಸ್ ಎಂದರೆ ಒಂದೋ ಹಲವೋ ಬೊಂಬೆಗಳನ್ನು ಅಂಟಿಸಿದ, ನಿಗದಿತ ಅಗಲದ ತಟ್ಟೆ; ಆಟದಲ್ಲಿ ಚಲಿಸುವುದೂ ಸಾಯುವುದೂ ಈ ತಟ್ಟೆಯೇ ಹೊರತು ಬಿಡಿ ಸೈನಿಕನಲ್ಲ. ಈ ಬಳಗದ ಪಟ್ಟಿಗಳು ಕಾಲಾನುಕ್ರಮದಲ್ಲಿ ಸಾಗುವುದರಿಂದ ಮೊತ್ತಮೊದಲ ಸ್ಥಾನ ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಆದಿ ಸುಮೇರಿಯನ್ನರಿಗೆ ಸಿಕ್ಕಿದೆ: ಕ್ರಿ.ಪೂ. 3000ರಿಂದ ಕ್ರಿ.ಪೂ. 2334ರವರೆಗೆ.

ಸುಮಾರು ಏಳು ಶತಮಾನಗಳ ಸೇನೆಯನ್ನು ಒಂದೇ ಪಟ್ಟಿಗೆ ಇಳಿಸುವವರ ಕೈಯಲ್ಲಿ ಇರುವ ಆಧಾರಗಳು ಎಷ್ಟು ಎಂದು ನೋಡಿದರೆ ಆರ್ಮಿ ಲಿಸ್ಟ್ ಎಂಬುದರ ನಿಜವಾದ ಸ್ವಭಾವ ತಿಳಿಯುತ್ತದೆ. ಹೆಚ್ಚಿನದೆಲ್ಲ ಎರಡು ವಸ್ತುಗಳ ಮೇಲೆ ನಿಂತಿದೆ. ಒಂದು, ದಕ್ಷಿಣ ಇರಾಕಿನ ಊರ್ ನಗರದ ರಾಜ ಸಮಾಧಿಗಳಲ್ಲಿ ಪುರಾತತ್ತ್ವಜ್ಞ ಲಿಯೊನಾರ್ಡ್ ವೂಲಿಗೆ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಊರ್‌ನ ಧ್ವಜ’. ಹೆಸರು ಹಾಗಿದ್ದರೂ ಅದು ಸುಮಾರು ಅರ್ಧ ಮೀಟರ್ ಉದ್ದದ ಮರದ ಪೆಟ್ಟಿಗೆ. ಕಂಬಕ್ಕೆ ಸಿಕ್ಕಿಸಿ ಒಯ್ಯುತ್ತಿದ್ದರೆಂದು ವೂಲಿ ಊಹಿಸಿದ್ದರಿಂದ ಆ ಹೆಸರು ಉಳಿಯಿತು. ಕಪ್ಪೆಚಿಪ್ಪು, ಕೆಂಪು ಸುಣ್ಣಕಲ್ಲು, ನೀಲಿಯ ಲ್ಯಾಪಿಸ್ ಲಾಜುಲಿ ಚೂರುಗಳನ್ನು ಬಿಟುಮೆನ್ ಅಂಟಿನಲ್ಲಿ ಕೂರಿಸಿ ಅದರ ಒಂದು ಮುಖದಲ್ಲಿ ಯುದ್ಧವನ್ನು ಚಿತ್ರಿಸಿದ್ದಾರೆ. ಇನ್ನೊಂದು, ಲಗಾಷ್‌ನ ದೊರೆ ಎಅನ್ನಾತುಮ್ ಕ್ರಿ.ಪೂ. 2450ರ ಸುಮಾರಿಗೆ ಉಮ್ಮಾ ನಗರವನ್ನು ಸೋಲಿಸಿದ ನೆನಪಿಗೆ ನಿಲ್ಲಿಸಿದ ‘ರಣಹದ್ದುಗಳ ಶಿಲೆ’. ಗಿರ್ಸು ನಗರದ ಅವಶೇಷಗಳಲ್ಲಿ ತುಂಡುತುಂಡಾಗಿ ದೊರೆತ ಅದು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಸತ್ತವರ ತಲೆಗಳನ್ನು ಕಚ್ಚಿಕೊಂಡು ಹಾರುವ ಹದ್ದುಗಳು ಅದರಲ್ಲಿರುವುದೇ ಹೆಸರಿಗೆ ಕಾರಣ. ಇವೆರಡರ ಜೊತೆಗೆ ಸಮಾಧಿಗಳಲ್ಲಿ ಸಿಕ್ಕ ತಾಮ್ರದ ಶಿರಸ್ತ್ರಾಣಗಳು, ಇರಾಕಿನ ಟೆಲ್ ಅಗ್ರಬ್‌ನಲ್ಲಿ ದೊರೆತ ಪುಟ್ಟ ತಾಮ್ರದ ರಥ, ಒಂದಷ್ಟು ಮಣ್ಣಿನ ಬರಹಗಳು. ಎರಡು ಗೆಲುವಿನ ಚಿತ್ರಗಳಿಂದ ಏಳು ಶತಮಾನಗಳ ಸೇನೆಯನ್ನು ಕಟ್ಟುವ ಈ ಕೆಲಸವನ್ನು ಇತಿಹಾಸದ ವರದಿ ಎನ್ನುವುದಕ್ಕಿಂತ ವಾದ ಎನ್ನುವುದು ಸರಿ. ಪಟ್ಟಿಯಲ್ಲಿರುವ ಪ್ರತಿ ಕನಿಷ್ಠವೂ ಪ್ರತಿ ಗರಿಷ್ಠವೂ ಯಾರೋ ಒಬ್ಬರು ಆಧಾರವನ್ನು ಓದಿದ ರೀತಿ.

ಯುದ್ಧದ ಬಂಡಿಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಸುಮೇರಿಯನ್ ಸೇನೆಯನ್ನು ಕೊಳ್ಳುವವರಲ್ಲಿ ಬಹುಪಾಲು ಜನ ಮನಸೋಲುವುದು ಅದಕ್ಕೆ. ಊರ್‌ನ ಧ್ವಜದ ಕೆಳಸಾಲಿನಲ್ಲಿ ನಾಲ್ಕು ಬಂಡಿಗಳಿವೆ. ಪ್ರತಿಯೊಂದಕ್ಕೂ ನಾಲ್ಕು ಗಾಲಿ. ಗಾಲಿಗೆ ಅರೆಕಾಲುಗಳಿಲ್ಲ, ಹಲಗೆಗಳನ್ನು ಜೋಡಿಸಿದ ಗಟ್ಟಿ ತಟ್ಟೆ. ಮುಂಭಾಗದಲ್ಲಿ ಎದೆಮಟ್ಟದ ತಡೆ, ಅದಕ್ಕೆ ತಗುಲಿಸಿದ ಬತ್ತಳಿಕೆಯಲ್ಲಿ ಎಸೆಯುವ ಭರ್ಜಿಗಳು, ಒಳಗೆ ಸಾರಥಿ, ಅವನ ಹಿಂದೆ ಹತ್ತಿನಿಂತ ಯೋಧ, ಮೂಕಿಮರಕ್ಕೆ ಕಟ್ಟಿದ ನಾಲ್ಕು ಪ್ರಾಣಿಗಳು, ಎಡತುದಿಯ ಬಂಡಿಯನ್ನು ಬಿಟ್ಟು ಉಳಿದ ಮೂರರಲ್ಲಿ ಅವುಗಳ ಕಾಲಡಿಯಲ್ಲಿ ಬಿದ್ದ ಶತ್ರುಗಳು. ಎಡದ ಬಂಡಿಯ ಪ್ರಾಣಿಗಳು ನಡೆಯುತ್ತಿವೆ, ಬಲಕ್ಕೆ ಹೋದಂತೆ ಓಟ ಹೆಚ್ಚುತ್ತದೆ. ಇದನ್ನು ನಾಲ್ಕು ಬಂಡಿಗಳ ಸಾಲೆಂದು ಓದಬಹುದು. ಒಂದೇ ಬಂಡಿ ನಡಿಗೆಯಿಂದ ನಾಗಾಲೋಟಕ್ಕೆ ಏರುವ ನಾಲ್ಕು ಕ್ಷಣಗಳೆಂದೂ ಓದಬಹುದು. ಮೊದಲ ಓದಿನಲ್ಲಿ ಬಂಡಿಗಳ ಸಂಖ್ಯೆ ಮುಖ್ಯವಾಗುತ್ತದೆ, ಎರಡನೆಯದರಲ್ಲಿ ಶತ್ರುವಿನ ಸಾಲಿನ ಮೇಲೆ ನುಗ್ಗುವ ಸಾಮರ್ಥ್ಯ. ಪಟ್ಟಿ ಬರೆಯುವವನು ಈ ಬಂಡಿಯನ್ನು ‘ಭಾರಿ ರಥ’ದ ವರ್ಗಕ್ಕೆ ಸೇರಿಸಿದರೆ ಅವನು ಎರಡನೆಯ ಓದಿಗೆ ಒಲಿದಿದ್ದಾನೆ ಎಂದೇ ಅರ್ಥ. ಮುಂದಿನ ಅಚ್ಚು ತಿರುಗುತ್ತಿತ್ತು ಎನ್ನುವುದಕ್ಕೆ ಚಿತ್ರದಲ್ಲಿ ಯಾವ ಸುಳಿವೂ ಇಲ್ಲದ ಕಾರಣ ಹಲವು ನಿಯಮಾವಳಿಗಳಲ್ಲಿ ಈ ಬಂಡಿ ನೇರಕ್ಕೆ ಚುರುಕು, ತಿರುವಿಗೆ ಮಂದ.

ಎಳೆಯುವ ಪ್ರಾಣಿ ಯಾವುದು ಎಂಬ ಪ್ರಶ್ನೆಯೂ ಪಟ್ಟಿಯ ಲೆಕ್ಕಕ್ಕೆ ಸಂಬಂಧಿಸಿದ್ದೇ. ಕುದುರೆ ಸುಮೇರಿಯದ ಬಯಲಿಗೆ ಬಳಕೆಯ ಪ್ರಾಣಿಯಾಗಿ ಬಂದದ್ದು ಈ ಕಾಲದ ಬಂಡಿಗಳ ನಂತರ. ಬರಹಗಳಲ್ಲಿ ‘ಕುಂಗಾ’ ಎಂಬ ಬೆಲೆಬಾಳುವ ಪ್ರಾಣಿಯ ಹೆಸರು ಬರುತ್ತದೆ. ಸಿರಿಯದ ಉಮ್ ಎಲ್ ಮರ್ರಾದಲ್ಲಿ ಅದೇ ಸಹಸ್ರಮಾನದ ಸಮಾಧಿಗಳಲ್ಲಿ ಹೂತಿದ್ದ ಪ್ರಾಣಿಗಳ ಡಿಎನ್‌ಎಯನ್ನು ಪರೀಕ್ಷಿಸಿದ 2022ರ ಅಧ್ಯಯನವು ಅವು ಸಾಕಿದ ಹೆಣ್ಣು ಕತ್ತೆಗೂ ಸಿರಿಯದ ಗಂಡು ಕಾಡುಕತ್ತೆಗೂ ಹುಟ್ಟಿದ ಮಿಶ್ರತಳಿ ಎಂದು ತೋರಿಸಿತು. ಕುಂಗಾ ಇದೇ ಇರಬೇಕೆಂಬುದು ವಿದ್ವಾಂಸರ ನಿಲುವು. ಇಂಥ ಮಿಶ್ರತಳಿ ತಾನೇ ಮರಿಹಾಕಿ ಬೆಳೆಯುವುದಿಲ್ಲ. ಪ್ರತಿ ತಲೆಮಾರಿಗೂ ಕಾಡುಕತ್ತೆಯನ್ನು ಹಿಡಿದು ತಂದು ಕೂಡಿಸಬೇಕು, ಒಂದು ಬಂಡಿಗೆ ಅಂಥ ನಾಲ್ಕು ಬೇಕು. ಆದ್ದರಿಂದ ಬಂಡಿಗಳಿಗೆ ಕಡಿಮೆ ಗರಿಷ್ಠ ಮಿತಿಯನ್ನು ಹಾಕಿದ ಪಟ್ಟಿಯನ್ನು ನೋಡಿ ಜಿಪುಣತನವೆಂದು ದೂರುವ ಆಟಗಾರರ ಮಾತಿಗೆ ನಾನು ಒಪ್ಪುವುದಿಲ್ಲ.

ಸಂಖ್ಯೆಯ ಸುಳಿವು ಸಿಗುವ ಒಂದು ಅಪರೂಪದ ಬರಹ ಲಗಾಷ್‌ನ ದೊರೆ ಎನ್‌ಮೆತೆನನದು. ಲಗಾಷ್ ಮತ್ತು ಉಮ್ಮಾ ನಗರಗಳ ನಡುವಿನ ಗುಎದೆನಾ ಎಂಬ ಗಡಿಭೂಮಿಗೂ ಕಾಲುವೆ ನೀರಿಗೂ ತಲೆಮಾರುಗಳ ಕಾಲ ನಡೆದ ಜಗಳವನ್ನು ಅವನು ಶಂಕುವಿನಾಕಾರದ ಮಣ್ಣಿನ ವಸ್ತುವಿನ ಮೇಲೆ ಬರೆಸಿದ್ದಾನೆ. ಉಮ್ಮಾದ ದೊರೆ ಊರ್‌ಲುಮ್ಮಾ ಸೋತು ಓಡಿದಾಗ ಕತ್ತೆಗಳ ಅರವತ್ತು ತಂಡಗಳನ್ನು ಲುಮ್ಮಗಿರ್ನುನ್ತಾ ಕಾಲುವೆಯ ದಂಡೆಯಲ್ಲಿ ಬಿಟ್ಟುಹೋದ ಎಂಬ ಮಾತು ಅಲ್ಲಿ ಬರುತ್ತದೆ. ಗೆದ್ದವನು ಹೇಳುವ ಲೆಕ್ಕವಾದ್ದರಿಂದ ಸ್ವಲ್ಪ ಕಡಿತ ಮಾಡಿಕೊಂಡೇ ಓದಬೇಕು, ಆದರೂ ಒಂದು ನಗರದ ಸೇನೆಯಲ್ಲಿ ಬಂಡಿಗಳು ನೂರರ ಒಳಗಿನ ಮಾತು, ಸಾವಿರದ ಮಾತಲ್ಲ ಎಂಬಷ್ಟನ್ನು ಹಿಡಿಯಬಹುದು. ಆಟದ ಒಂದು ಬಂಡಿ ನಿಜವಾದ ಇಪ್ಪತ್ತು ಬಂಡಿಗಳನ್ನು ಪ್ರತಿನಿಧಿಸುತ್ತದೆ ಎಂದಿಟ್ಟುಕೊಂಡರೆ ಊರ್‌ಲುಮ್ಮಾನ ಪಾಲಿಗೆ ಬರುವುದು ಮೂರು ಬೇಸ್. ಪ್ರತಿನಿಧಿಸುವ ಪ್ರಮಾಣ ಒಂದೊಂದು ನಿಯಮಾವಳಿಯಲ್ಲಿ ಒಂದೊಂದು ಬಗೆ. ಆದರೆ ಲೆಕ್ಕ ಹಾಕುವ ರೀತಿ ಇದೇ.

ಕಾಲಾಳುಗಳ ವಿಷಯದಲ್ಲಿ ಎರಡು ಆಧಾರಗಳು ಒಂದಕ್ಕೊಂದು ಹೊಂದುವುದಿಲ್ಲ. ಧ್ವಜದ ನಡುಸಾಲಿನ ಸೈನಿಕರಿಗೆ ಶಿರಸ್ತ್ರಾಣವಿದೆ, ಕೈಯಲ್ಲಿ ಈಟಿಯಿದೆ, ಕುತ್ತಿಗೆಯ ಬಳಿ ಕಟ್ಟಿದ ಚುಕ್ಕಿಚುಕ್ಕಿಯ ಉದ್ದ ಹೊದಿಕೆಯಿದೆ. ಗುರಾಣಿ ಮಾತ್ರ ಇಲ್ಲ. ರಣಹದ್ದುಗಳ ಶಿಲೆಯಲ್ಲಾದರೋ ಆಳೆತ್ತರದ ಚೌಕ ಗುರಾಣಿಗಳ ಗೋಡೆ, ಅದರ ನಡುವಿನಿಂದ ಸಾಲುಸಾಲಾಗಿ ಚಾಚಿದ ಈಟಿಗಳು ಮತ್ತು ಅವನ್ನು ಎರಡೂ ಕೈಗಳಿಂದ ಹಿಡಿದವರ ಮುಷ್ಟಿಗಳು, ಹೆಣಗಳ ಮೇಲೆ ಹೆಜ್ಜೆಯಿಡುವ ಪಡೆ. ಆಟದ ಭಾಷೆಯಲ್ಲಿ ಕೇಳುವುದಾದರೆ ಇವರು ‘ಸ್ಪಿಯರ್’ ವರ್ಗವೋ ‘ಪೈಕ್’ ವರ್ಗವೋ? ಸ್ಪಿಯರ್ ಎಂದರೆ ಗುರಾಣಿಯ ಹಿಂದೆ ಒತ್ತಾಗಿ ನಿಂತ ಈಟಿಯವರು; ಪೈಕ್ ಎಂದರೆ ಎರಡು ಕೈಯಲ್ಲಿ ಹಿಡಿಯುವ ಉದ್ದದ ಈಟಿಯವರು, ಆಳವಾಗಿ ಸಾಲುಗಟ್ಟಿ ತಳ್ಳುವುದರಲ್ಲಿ ಅವರ ಬಲ. ಎರಡು ಕೈಗಳೂ ಈಟಿಯ ಮೇಲಿದ್ದರೆ ಗುರಾಣಿಯನ್ನು ಹಿಡಿದವರು ಯಾರು ಎಂಬುದು ಈ ಚರ್ಚೆಯ ಗಂಟು. ಮುಂದಿನ ಸಾಲಿನಲ್ಲಿ ಗುರಾಣಿ ಹಿಡಿಯುವುದಕ್ಕೆಂದೇ ಬೇರೆ ಜನರಿದ್ದರು ಎಂಬುದು ಒಂದು ಉತ್ತರ, ಗುರಾಣಿ ಕೊರಳಿನ ಪಟ್ಟಿಯಿಂದ ತೂಗುತ್ತಿತ್ತು ಎಂಬುದು ಇನ್ನೊಂದು. ವರ್ಗ ಬದಲಾದರೆ ದಾಳಕ್ಕೆ ಕೂಡುವ ಅಂಕ ಬದಲಾಗುತ್ತದೆ, ಸೇನೆ ಗೆಲ್ಲುವ ರೀತಿಯೇ ಬದಲಾಗುತ್ತದೆ. ಮ್ಯೂಸಿಯಂನ ಕಲ್ಲಿನ ಬಗೆಗಿನ ಈ ಜಗಳವನ್ನು ಆಟಗಾರರು ಇಷ್ಟು ಗಂಭೀರವಾಗಿ ಆಡುವುದು ಅದಕ್ಕೇ.

ಚಿತ್ರದಲ್ಲಿ ಇಲ್ಲದ್ದರ ಬಗೆಗೂ ಪಟ್ಟಿ ತೀರ್ಪು ಕೊಡಬೇಕಾಗುತ್ತದೆ. ಈ ಎರಡು ಚಿತ್ರಗಳಲ್ಲೂ ಬಿಲ್ಲುಗಾರರು ಕಾಣುವುದಿಲ್ಲ. ಬೇಟೆಗೆ ಬಿಲ್ಲು ತಿಳಿದಿದ್ದ ನಾಡಿನಲ್ಲಿ ಯುದ್ಧಕ್ಕೆ ಬಿಲ್ಲು ಇರಲೇ ಇಲ್ಲವೆಂದು ನಂಬುವುದು ಕಷ್ಟ, ಚಿತ್ರದಲ್ಲಿ ಇಲ್ಲದ್ದನ್ನು ಬೇಕಾದಷ್ಟು ಕೊಡುವುದೂ ನ್ಯಾಯವಲ್ಲ. ಆದ್ದರಿಂದ ಬಿಲ್ಲು, ಕವಣೆ, ಎಸೆಯುವ ಭರ್ಜಿಗಳ ಹಗುರ ಪಡೆಯನ್ನು ಕನಿಷ್ಠ ಸೊನ್ನೆಯಿಂದ ಆರಂಭಿಸಿ, ಸಣ್ಣ ಗರಿಷ್ಠಕ್ಕೆ ನಿಲ್ಲಿಸುವುದು ಒಳ್ಳೆಯ ಪಟ್ಟಿಯ ಲಕ್ಷಣ.

ಪಾಯಿಂಟ್ಸ್ ಎಂಬುದನ್ನು ಹಲವರು ಆರ್ಮಿ ಲಿಸ್ಟ್‌ನ ತಿರುಳೆಂದು ಭಾವಿಸುತ್ತಾರೆ. ಪ್ರತಿ ಪಡೆಗೂ ಒಂದು ಬೆಲೆ ಕಟ್ಟಿ, ಎರಡೂ ಕಡೆಯವರು ಒಂದೇ ಮೊತ್ತದೊಳಗೆ ಕೊಂಡುಕೊಳ್ಳುವಂತೆ ಮಾಡುವ ಈ ಲೆಕ್ಕ ಟೂರ್ನಿಗಳಿಗೆ ಅನುಕೂಲ, ಅಷ್ಟೇ. ಎರಡೂವರೆ ಸಾವಿರ ವರ್ಷ ಈಚಿನ ರೋಮನ್ ಲೀಜನ್‌ಗಳ ಎದುರಿಗೆ ಸುಮೇರಿಯನ್ನರನ್ನು ನಿಲ್ಲಿಸಿ, ಪಾಯಿಂಟ್ಸ್ ಸಮವಾಗಿದೆಯೆಂದು ಸಮಾಧಾನಪಡುವ ಆಟಗಳು ನಡೆಯುತ್ತವೆ. ಇದರಿಂದ ದಾಳ ಉರುಳಿಸುವ ಸಂತೋಷಕ್ಕೆ ಕೊರತೆಯಿಲ್ಲ, ಆದರೆ ಬಂಡಿ ಏಕೆ ಬೇಕಿತ್ತು, ಗುರಾಣಿಗೋಡೆ ಯಾರನ್ನು ತಡೆಯುವುದಕ್ಕೆ ಎಂಬುದು ಅಲ್ಲಿ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಶತ್ರುಗಳ ಹೆಸರು ಬರೆದಿರುವುದು ಇದಕ್ಕಾಗಿಯೇ. ಸುಮೇರಿಯನ್ ಪಟ್ಟಿಯ ವಿಚಿತ್ರವೆಂದರೆ ಅದರ ಮುಖ್ಯ ಶತ್ರು ಅದೇ ಪಟ್ಟಿ. ಪೂರ್ವದ ಎಲಾಮಿನವರ ಜೊತೆಗೂ ಕಾಳಗಗಳಾಗಿವೆ ನಿಜ, ಆದರೆ ಲಗಾಷ್, ಉಮ್ಮಾ, ಊರ್, ಉರುಕ್, ಕಿಷ್ ನಗರಗಳು ಹೆಚ್ಚಾಗಿ ಕಾದಿದ್ದು ತಮ್ಮತಮ್ಮಲ್ಲೇ. ಎರಡೂ ಕಡೆ ಒಂದೇ ಬಗೆಯ ಬಂಡಿ, ಒಂದೇ ಬಗೆಯ ಈಟಿ. ಹೀಗೆ ಚದುರಂಗದಿಂದ ದೂರ ಸರಿಯಲೆಂದು ಹುಟ್ಟಿದ ಪಟ್ಟಿ, ತನ್ನ ಮೊದಲ ನಮೂದಿನಲ್ಲೇ ಚದುರಂಗದ ಸಮಬಲಕ್ಕೆ ಮರಳುತ್ತದೆ. ಹೊಸಬರು ಆಟ ಕಲಿಯಲು ಎರಡು ಸುಮೇರಿಯನ್ ಸೇನೆಗಳಷ್ಟು ಅನುಕೂಲವಾದ ಜೋಡಿ ಬೇರೆ ಸಿಗಲಾರದು ಎಂಬುದು ನನ್ನ ಎಣಿಕೆ.

ಬಣ್ಣದ ಬಗೆಗೆ ಆರ್ಮಿ ಲಿಸ್ಟ್ ಏನನ್ನೂ ಹೇಳುವುದಿಲ್ಲ, ಆದರೂ 28 ಮಿಲಿಮೀಟರ್ ಎತ್ತರದ ಬೊಂಬೆಯನ್ನು ಕೈಗೆತ್ತಿಕೊಂಡವರು ಧ್ವಜದ ಚಿತ್ರವನ್ನು ಎದುರಿಗಿಟ್ಟುಕೊಂಡು ಕೂರುವುದರಿಂದ ಒಂದು ಎಚ್ಚರಿಕೆ ಹೇಳಬೇಕು. ಅಲ್ಲಿನ ನೀಲಿ ಹಿನ್ನೆಲೆಯ ಕಲ್ಲಿನ ಬಣ್ಣ, ಬಟ್ಟೆಯದಲ್ಲ. ಕಪ್ಪೆಚಿಪ್ಪಿನ ಬಿಳುಪೂ ಹಾಗೆಯೇ. ಹೊದಿಕೆಯ ಚುಕ್ಕಿಗಳು ತೊಗಲಿಗೆ ಬಡಿದ ಲೋಹದ ಬಿಲ್ಲೆಗಳೋ ಚಿರತೆಯ ಚರ್ಮದ ಮಚ್ಚೆಗಳೋ ಎಂಬುದನ್ನು ಬಣ್ಣ ಬಳಿಯುವವರೇ ತೀರ್ಮಾನಿಸಬೇಕು. ಬಿಲ್ಲೆಯೆಂದು ತಾಮ್ರದ ಬಣ್ಣವಿಟ್ಟವರು ತಮ್ಮ ಸೈನಿಕನಿಗೆ ಕವಚ ತೊಡಿಸಿದಂತಾಯಿತು, ಮತ್ತು ಪಟ್ಟಿಯಲ್ಲಿ ಅವನನ್ನು ಭಾರಿ ಪಡೆಯೆಂದು ಬರೆದಿದ್ದರೆ ಅದಕ್ಕೆ ಸಹಿ ಹಾಕಿದಂತೆಯೂ ಆಯಿತು.

ಪಟ್ಟಿಯ ಕೊನೆಯ ಅಂಚಾದ ಕ್ರಿ.ಪೂ. 2334, ಅಕ್ಕಾದ್‌ನ ಸರ್ಗೋನನ ಆಳ್ವಿಕೆಯ ಆರಂಭಕ್ಕೆ ಸಾಮಾನ್ಯವಾಗಿ ಕೊಡುವ ವರ್ಷ. ಉಮ್ಮಾದಿಂದ ಹೊರಟು ಸುಮೇರಿಯವನ್ನೆಲ್ಲ ಗೆದ್ದಿದ್ದ ಲುಗಲ್‌ಜಗೆಸಿಯನ್ನು ಸೋಲಿಸಿದ ಈ ದೊರೆ, ತನ್ನ ಮುಂದೆ ದಿನವೂ 5,400 ಜನ ಉಣ್ಣುತ್ತಿದ್ದರೆಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅವರೆಲ್ಲ ಸೈನಿಕರೇ ಆಗಿದ್ದರೆ ಅದು ನಗರ ಕರೆದಾಗ ಬರುವ ಪಡೆಯಲ್ಲ, ಅರಮನೆ ಸಾಕಿದ ಪಡೆ. ಅಲ್ಲಿಂದ ಮುಂದಕ್ಕೆ ಬಿಲ್ಲಿಗೂ ಹಗುರ ನಡೆಗೂ ಹೆಚ್ಚು ಸ್ಥಾನವಿರುವ ಅಕ್ಕಾದಿಯನ್ ಪಟ್ಟಿ ಶುರುವಾಗುತ್ತದೆ. ಸರ್ಗೋನನ ಮೊಮ್ಮಗ ನರಾಮ್‌ಸಿನ್ ಬಿಲ್ಲು ಹಿಡಿದು ಬೆಟ್ಟವೇರುವ ಶಿಲೆ ಲೂವ್ರ್‌ನಲ್ಲಿರುವುದು ಅದಕ್ಕೆ ಮುಖ್ಯ ಆಧಾರಗಳಲ್ಲೊಂದು. ಅದೇ ನರಾಮ್‌ಸಿನ್ನನ ಮೇಲೆ ಕಿಷ್‌ನ ಇಫುರ್‌ಕಿಷ್, ಉರುಕ್‌ನ ಅಮರ್‌ಗಿರಿದ್ ಮುಂತಾದವರ ಮುಂದಾಳುತನದಲ್ಲಿ ನಗರಗಳು ಒಟ್ಟಾಗಿ ದಂಗೆಯೆದ್ದವು. ಆ ಮಹಾದಂಗೆಗೆಂದು, ಮುಗಿದುಹೋಗಿದ್ದ ಆದಿ ಸುಮೇರಿಯನ್ ಪಟ್ಟಿಯನ್ನು ಕ್ರಿ.ಪೂ. 2250ಕ್ಕೆ ಮತ್ತೊಮ್ಮೆ ತೆರೆದಿದ್ದಾರೆ. ಆದ್ದರಿಂದ ಹಳೆಯ ಬಂಡಿಗಳನ್ನೂ ಗುರಾಣಿಗೋಡೆಯನ್ನೂ ಇಟ್ಟುಕೊಂಡಿರುವ ಆಟಗಾರನು ಅಕ್ಕಾದಿಯನ್ನರ ಎದುರಿಗೆ, ಇತಿಹಾಸಕ್ಕೆ ಅಪಚಾರವಾಗದಂತೆ, ಅವನ್ನು ಮೇಜಿಗೆ ತರಬಹುದು.