ಎಂಟರ ಲೆಕ್ಕ ಎಲ್ಲಿಂದ ಬಂತು, ಎಲ್ಲಿ ಕೈಕೊಡುತ್ತದೆ

ಡೊಂಬಿವಲಿ, ಥಾಣೆ ಕಡೆಯ ನಮ್ಮವರ ಮನೆಗಳಲ್ಲಿ ಈ ಜಗಳ ಮಾಮೂಲಿ. ಶಾಲೆಗೆ ಹೋಗುವ ತಮ್ಮ ಆಮ್ಲಜನಕದ ಅಣುವಿಗೆ ಚುಕ್ಕಿ ಇಟ್ಟಿರುತ್ತಾನೆ, ಒಂದೊಂದು ಚುಕ್ಕಿ ಅಂದರೆ ಹೊರಕವಚದ ಒಂದೊಂದು ಎಲೆಕ್ಟ್ರಾನ್. ಕೂಡಿಕೊಂಡ ಪರಮಾಣುವಿನ ಸುತ್ತ ಸಾಮಾನ್ಯವಾಗಿ ಎಂಟು ಚುಕ್ಕಿ ಇರಬೇಕು ಅನ್ನುವುದೇ ಎಂಟರ ಲೆಕ್ಕ. ಹನ್ನೊಂದನೇ ಕ್ಲಾಸಿನ ಅಕ್ಕ ನೋಡಿ "ಇದು ಹೀಗಲ್ಲ ಕಣೋ" ಅನ್ನುತ್ತಾಳೆ. ಇಬ್ಬರೂ ಪುಸ್ತಕ ತೋರಿಸುತ್ತಾರೆ. ಪುಸ್ತಕಗಳೂ ಬೇರೆ ಬೇರೆ ಹೇಳುತ್ತವೆ.

1852ರಲ್ಲಿ ರಸಾಯನಶಾಸ್ತ್ರಜ್ಞ ಫ್ರ್ಯಾಂಕ್‌ಲೆಂಡ್ ಪ್ರತಿ ಪರಮಾಣುವಿಗೂ ಕೂಡಿಕೊಳ್ಳುವ ಮಿತಿ ಇದೆ ಅಂದರು, 1858ರಲ್ಲಿ ಕೆಕುಲೆ ಮತ್ತು ಕೂಪರ್ ಇಂಗಾಲಕ್ಕೆ ಆ ಮಿತಿ ನಾಲ್ಕು ಅಂದರು, 1897ರಲ್ಲಿ ಎಲೆಕ್ಟ್ರಾನ್ ಸಿಕ್ಕಿತು. ಅಲ್ಲಿಯವರೆಗೂ ಪರಮಾಣುಗಳನ್ನು ಕೂಡಿಸುವ ಬಂಧ ಅಂದರೆ ಕಾಗದದ ಮೇಲಿನ ಗೆರೆ, ಅಷ್ಟೇ.

ಆ ಗೆರೆ ಏನು ಅಂತ ಬಿಡಿಸಿ ಹೇಳಿದ್ದು ಅಮೆರಿಕದ ಜಿ.ಎನ್. ಲೂಯಿಸ್, 1916ರಲ್ಲಿ. ಗೆರೆ ಅಂದರೆ ಒಂದು ಜೊತೆ ಎಲೆಕ್ಟ್ರಾನ್, ಎರಡೂ ಪರಮಾಣುಗಳ ಲೆಕ್ಕಕ್ಕೆ ಬರುವಂಥದ್ದು. ಚಾಳಿನಲ್ಲಿ ಎರಡು ಖೋಲಿಗಳ ನಡುವಿನ ಗೋಡೆ ಎರಡೂ ಮನೆಗೆ ಸೇರುತ್ತದೆ, ಅಲ್ವಾ? ಹಾಗೆ. ನೀರನ್ನೇ ನೋಡಿ. ಆಮ್ಲಜನಕದ ಹೊರಕವಚದಲ್ಲಿ 6 ವೇಲೆನ್ಸಿ ಎಲೆಕ್ಟ್ರಾನ್, ಎರಡು ಜಲಜನಕದಿಂದ ಒಂದೊಂದು, ಒಟ್ಟು 8. ಎರಡು ಜೊತೆ ಬಂಧಕ್ಕೆ ಹೋಗುತ್ತವೆ. ಉಳಿದ ಎರಡು ಜೊತೆ ಸುಮ್ನೆ ಕೂತಂತೆ ಕಂಡರೂ ಬಂಧಗಳನ್ನು ಒತ್ತುತ್ತಿರುತ್ತವೆ, ಅದಕ್ಕೇ ಆ ಅಣು 104.5 ಡಿಗ್ರಿಗೆ ಬಾಗಿದೆ.

ಎಂಟು ಹೊಳೆದದ್ದು ಇದಕ್ಕೂ ಮೊದಲು. 1902ರಲ್ಲೇ ಲೂಯಿಸ್ ಘನಾಕೃತಿ ಬರೆದು ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನ್ ಕೂರಿಸಿ ನೋಡಿದ್ದರು. 1919ರಿಂದ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿ ಅದನ್ನು ಎಲ್ಲೆಡೆ ಹರಡಿದರು. ಆದರೆ ಲೂಯಿಸ್‌ಗೆ ಎಂಟಕ್ಕಿಂತ ಜೊತೆಯೇ ಮುಖ್ಯವಾಗಿತ್ತು. ನಮ್ಮ ಪರೀಕ್ಷೆಗಳಿಗೆ ಮಾತ್ರ ಎಂಟೇ ಬೇಕಾಯಿತು, ಚುಕ್ಕಿ ಎಣಿಸಿ ಮಾರ್ಕ್ಸ್ ಕೊಡುವುದು ಸುಲಭ ನೋಡಿ.

ಆಮ್ಲಜನಕದ ಅಣುವಿನಲ್ಲಿ ಈ ಲೆಕ್ಕ ಸಿಕ್ಕಿಬೀಳುತ್ತದೆ. 6 ಮತ್ತು 6 ಸೇರಿ 12 ಚುಕ್ಕಿ, ಎರಡು ಜೊತೆ ಹಂಚಿಕೊಂಡರೆ ಇಬ್ಬರಿಗೂ ಎಂಟು, ಒಂಟಿ ಯಾವುದೂ ಇಲ್ಲ, ಉತ್ತರಕ್ಕೆ ಪೂರ್ತಿ ಮಾರ್ಕ್ಸ್. ಆದರೆ ದ್ರವ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಸುರಿದರೆ ಅಲ್ಲೇ ಅಂಟಿ ನಿಲ್ಲುತ್ತದೆ. ಒಂಟಿ ಎಲೆಕ್ಟ್ರಾನ್ ಇಲ್ಲದೆ ಹೀಗಾಗದು. ಅಲ್ಲಿ ಅಂಥವು ಎರಡಿವೆ. ಆಮ್ಲಜನಕವನ್ನು ಅಯಸ್ಕಾಂತ ಸೆಳೆಯುತ್ತದೆ ಅಂತ ಫ್ಯಾರಡೆಗೇ ಗೊತ್ತಿತ್ತು, ಕಾರಣ ಸಿಕ್ಕಿದ್ದು 1929ರಲ್ಲಿ, ವಿಜ್ಞಾನಿ ಲೆನಾರ್ಡ್-ಜೋನ್ಸ್ ಅಣು ಆರ್ಬಿಟಲ್‌ಗಳ, ಅಂದರೆ ಇಡೀ ಅಣುವಿನಲ್ಲಿ ಎಲೆಕ್ಟ್ರಾನ್‌ಗಳು ಇರುವ ನೆಲೆಗಳ, ಲೆಕ್ಕ ಹಾಕಿದಾಗ. ಅಕ್ಕನ ಪುಸ್ತಕದಲ್ಲಿರುವುದು ಅದೇ.

ನೈಟ್ರಿಕ್ ಆಕ್ಸೈಡ್‌ನಲ್ಲಿ 5 ಮತ್ತು 6 ಸೇರಿ 11, ಹೇಗೆ ಹಂಚಿದರೂ ಒಂದು ಒಂಟಿ. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಬೋರಾನ್ ಸುತ್ತ ಆರೇ. ಇವನ್ನೆಲ್ಲ "ಅಪವಾದ" ಅಂತ ಬಾಯಿಪಾಠ ಮಾಡಿಸುವುದು ನಡೆದೇ ಇದೆ. ನೀರು, ಮೀಥೇನ್, ಅಮೋನಿಯಾಕ್ಕೆ ಚುಕ್ಕಿ ಚಿತ್ರ ಧಾರಾಳ ಸಾಕು. ಅಯಸ್ಕಾಂತದ ಪ್ರಶ್ನೆ ಬಂದರೆ ಆರ್ಬಿಟಲ್ ಚಿತ್ರವನ್ನೇ ತೆಗೆಯಬೇಕು.